ಚೀನಾದ ಹಂಚು, ಕೇರಳದ ಮರ: ಇದರಲ್ಲಿ ಯಹೂದಿ ಕಲೆ ಯಾವುದು?

ಪ್ರಶ್ನೆ: ಕಳೆದ ರಜೆಯಲ್ಲಿ ಮನೆಯವರೆಲ್ಲ ಕೊಚ್ಚಿಗೆ ಹೋಗಿದ್ದೆವು. ಮಟ್ಟಂಚೇರಿಯ ಪರದೇಶಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ನೋಡಿದೆವು. ಒಳಗೆ ಒಂದು ದೇವರ ಚಿತ್ರವಿಲ್ಲ, ಒಂದು ಮೂರ್ತಿಯಿಲ್ಲ. ಯಹೂದಿ ಧರ್ಮದಲ್ಲಿ ಚಿತ್ರ ಬರೆಯುವುದೇ ನಿಷಿದ್ಧ ಅಂತ ಜೊತೆಗಿದ್ದವರು ಹೇಳಿದರು. ಕಾಲ ಕೆಳಗಿನ ಹಂಚು ಚೀನಾದ್ದಂತೆ, ತಲೆ ಮೇಲಿನ ಗಾಜಿನ ದೀಪಗಳು ಯುರೋಪಿನವಂತೆ. ಕಟ್ಟಡ ನೋಡಿದರೆ ಕೇರಳದ ಹಳೇ ಮನೆ ಹಾಗಿದೆ. ಹಾಗಾದರೆ ಯಹೂದಿ ಕಲೆ ಅಂತ ಬೇರೆ ಒಂದು ಇದೆಯಾ? ಇದ್ದರೆ ಗುರುತಿಸುವುದು ಹೇಗೆ? ಮಗಳು ಚಿತ್ರಕಲೆ ಓದುತ್ತಿದ್ದಾಳೆ. ಮಾರ್ಕ್ ಶಾಗಾಲ್ ಯಹೂದಿ ಕಲಾವಿದ ಅನ್ನುತ್ತಾಳೆ. ನನಗೆ ಅವನು ರಷ್ಯದವನು, ಆಮೇಲೆ ಫ್ರಾನ್ಸಿನವನು ಅನ್ನಿಸುತ್ತದೆ. ಯಾರು ಸರಿ?

ಉತ್ತರ: ಮೊದಲು ಆ "ನಿಷಿದ್ಧ" ಅನ್ನುವ ಮಾತನ್ನು ಬಿಡಿಸೋಣ. ಎಲ್ಲ ಕಡೆ ಕೇಳಿಬರುವ ಮಾತು ಅದು. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಹತ್ತು ಆಜ್ಞೆಗಳು ಬರುವುದು ಯಹೂದಿ ಧರ್ಮಗ್ರಂಥದ ವಿಮೋಚನಕಾಂಡ ಎಂಬ ಪುಸ್ತಕದ 20ನೇ ಅಧ್ಯಾಯದಲ್ಲಿ. ಆಕಾಶದಲ್ಲಾಗಲಿ ಭೂಮಿಯಲ್ಲಾಗಲಿ ನೀರಿನಲ್ಲಾಗಲಿ ಇರುವ ಯಾವುದರ ರೂಪವನ್ನೂ ಮಾಡಿಕೊಂಡು ಅದಕ್ಕೆ ಅಡ್ಡಬೀಳಬೇಡ, ಪೂಜಿಸಬೇಡ ಎಂಬುದು ಅಲ್ಲಿನ ಎರಡನೇ ಆಜ್ಞೆಯ ಸಾರ. ಅದೇ ಪುಸ್ತಕದಲ್ಲಿ ಹನ್ನೊಂದು ಅಧ್ಯಾಯ ಮುಂದೆ ಹೋದರೆ ಬೆಚಲೇಲ ಎಂಬ ಕುಶಲಕರ್ಮಿ ಸಿಗುತ್ತಾನೆ. ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರ, ಎಲ್ಲದರಲ್ಲೂ ಕೆಲಸ ಮಾಡುವ ಜಾಣ್ಮೆಯನ್ನು ದೇವರೇ ಅವನಿಗೆ ಕೊಟ್ಟ ಎಂದು ಅಲ್ಲಿ ಹೇಳಿದೆ. ಅವನು ಮಾಡಿದ ಪವಿತ್ರ ಪೆಟ್ಟಿಗೆಯ ಮೇಲೆ ರೆಕ್ಕೆ ಚಾಚಿದ ಎರಡು ಚಿನ್ನದ ಕೆರೂಬಿಗಳು, ಅಂದರೆ ದೇವದೂತರ ರೂಪಗಳು, ಇದ್ದವು. ಅಂದರೆ ತಡೆ ಇದ್ದದ್ದು ಪೂಜೆಗೆ. ಕೈಕೆಲಸಕ್ಕೆ ಆಶೀರ್ವಾದವೇ ಇತ್ತು. ಆಮೇಲೆ ಬಂದ ತಲೆಮಾರುಗಳು ಆ ಆಜ್ಞೆಯನ್ನು ಒಂದೊಂದು ಕಾಲದಲ್ಲಿ ಒಂದೊಂದು ಊರಲ್ಲಿ ಬಿಗಿಯಾಗಿ, ಸಡಿಲವಾಗಿ ಓದಿಕೊಂಡವು. ನೀವು ಕೊಚ್ಚಿಯಲ್ಲಿ ಕಂಡದ್ದು ಬಿಗಿಯಾದ ಓದು.

ಸಡಿಲವಾದ ಓದು ಹೇಗಿತ್ತು ಅಂತ ಜಗತ್ತಿಗೆ ಗೊತ್ತಾದದ್ದು 1932ರಲ್ಲಿ. ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ದಡದ ಮೇಲೆ ದೂರಾ ಯೂರೋಪಸ್ ಎಂಬ ಪಾಳು ಊರಿದೆ. ರೋಮನ್ನರ ಗಡಿ ಪಟ್ಟಣ. ಅಲ್ಲಿ ಅಗೆಯುತ್ತಿದ್ದವರಿಗೆ ಕ್ರಿ.ಶ. 244ರ ಸುಮಾರಿಗೆ ಸಿದ್ಧವಾದ ಒಂದು ಸಿನಗಾಗ್ ಸಿಕ್ಕಿತು. ಗೋಡೆ ತುಂಬ ಧರ್ಮಗ್ರಂಥದ ಕಥೆಗಳ ಚಿತ್ರ! ನೈಲ್ ನದಿಯ ನೀರಲ್ಲಿ ನಿಂತ ಹೆಂಗಸು ಕೂಸು ಮೋಶೆಯನ್ನು ಎತ್ತಿ ಹಿಡಿದಿದ್ದಾಳೆ. ಸಮುಯೇಲ ಹುಡುಗ ದಾವೀದನ ತಲೆಗೆ ಎಣ್ಣೆ ಸುರಿಯುತ್ತಿದ್ದಾನೆ. ಎಸ್ತೇರಳ ಕಥೆಯಲ್ಲಿ ರಾಜನೂ ಮೊರ್ದೆಕೈಯೂ ಪರ್ಷಿಯಾದ ಪೈಜಾಮ ತೊಟ್ಟಿದ್ದಾರೆ. ಪ್ರವಾದಿ ಯೆಹೆಜ್ಕೇಲನ ಎದುರು ಒಣಗಿದ ಎಲುಬುಗಳು ಜೀವ ಪಡೆದು ಏಳುತ್ತಿವೆ. ದೇವರು ಮಾತ್ರ ಎಲ್ಲೂ ಇಲ್ಲ. ಚಿತ್ರದ ಮೇಲಂಚಿನಿಂದ ಒಂದು ಕೈ ಇಳಿದು ಬರುತ್ತದೆ, ಅಷ್ಟೇ. ಆ ಒಂದು ಕೈಯಲ್ಲಿ ಆಜ್ಞೆಯೂ ಉಳಿಯಿತು, ಚಿತ್ರವೂ ಉಳಿಯಿತು.

ಈ ಗೋಡೆಗಳು ಉಳಿದ ರೀತಿಯನ್ನೂ ಹೇಳಲೇಬೇಕು. 256ರ ಹೊತ್ತಿಗೆ ಪರ್ಷಿಯಾದ ಸೈನ್ಯ ಆ ಊರಿಗೆ ಮುತ್ತಿಗೆ ಹಾಕಿತು. ಕೋಟೆ ಗೋಡೆ ಬೀಳದಿರಲಿ ಅಂತ ರೋಮನ್ನರು ಅದರ ಒಳಬದಿಗೆ ಮಣ್ಣು ಒಡ್ಡಿದರು. ಗೋಡೆಗೆ ಹತ್ತಿರವಿದ್ದ ಬೀದಿಯ ಕಟ್ಟಡಗಳೆಲ್ಲ ಆ ಮಣ್ಣಿನಡಿ ಹೋದವು. ಸಿನಗಾಗ್ ಹೋಯಿತು, ಅದೇ ಗೋಡೆಯ ಸಾಲಿನಲ್ಲಿದ್ದ ಕ್ರೈಸ್ತರ ಪ್ರಾರ್ಥನಾ ಮನೆಯೂ ಹೋಯಿತು. ಊರು ಬಿತ್ತು, ಯಾರೂ ತಿರುಗಿ ಬರಲಿಲ್ಲ. ಮಣ್ಣಿನೊಳಗೆ ಬಣ್ಣಗಳು ಹದಿನಾರು ನೂರು ವರ್ಷಕ್ಕೂ ಜಾಸ್ತಿ ಕಾಲ ಹಾಗೇ ಕಾದವು. ಈಗ ಅವು ದಮಾಸ್ಕಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಈ ಸಿನಗಾಗ್ ಸಿಗುವವರೆಗೆ ಪುಸ್ತಕಗಳೂ ನಿಮ್ಮ ಜೊತೆಗಿದ್ದವರ ಹಾಗೇ ಹೇಳುತ್ತಿದ್ದವು: ಯಹೂದಿಗಳಿಗೆ ಚಿತ್ರಕಲೆಯಿಲ್ಲ, ಅವರದು ಬರೀ ಅಕ್ಷರ.

ಇನ್ನೊಂದು ಉದಾಹರಣೆ ಬೇತ್ ಆಲ್ಫಾ. ಇದು ಇಸ್ರೇಲ್‌ನ ಉತ್ತರ ಭಾಗದಲ್ಲಿದೆ. 1928ರ ಕೊನೆಯಲ್ಲಿ ರೈತರು ನೀರಿನ ಕಾಲುವೆ ತೋಡುವಾಗ ಆರನೇ ಶತಮಾನದ ಸಿನಗಾಗ್‌ನ ನೆಲ ಸಿಕ್ಕಿತು. ಕಲ್ಲಿನ ಚೂರುಗಳನ್ನು ಜೋಡಿಸಿ ಮಾಡಿದ ಮೊಸಾಯಿಕ್. ನಟ್ಟನಡುವೆ ನಾಲ್ಕು ಕುದುರೆಯ ರಥ, ರಥದಲ್ಲಿ ಸೂರ್ಯ. ಸುತ್ತ ಹನ್ನೆರಡು ರಾಶಿಗಳು, ಮೇಷ, ವೃಷಭ ಎಲ್ಲ. ಪ್ರತಿಯೊಂದಕ್ಕೂ ಹೀಬ್ರೂ ಭಾಷೆಯಲ್ಲಿ ಹೆಸರು. ಗ್ರೀಕರ ಸೂರ್ಯದೇವ ಪ್ರಾರ್ಥನೆಯ ಮನೆಯ ನೆಲದ ಮೇಲೆ ಏನು ಮಾಡುತ್ತಿದ್ದಾನೆ? ಇದರ ಬಗ್ಗೆ ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲ. ಅದು ಪಂಚಾಂಗ, ವರ್ಷದ ಹಬ್ಬಗಳ ಸುತ್ತು ಎಂಬ ವಿವರಣೆ ನನಗೆ ಹೆಚ್ಚು ಹಿಡಿಸುತ್ತದೆ. ಅದೇ ಸೀಮೆಯ ಸೆಫೋರಿಸ್ ಎಂಬ ಊರಲ್ಲಿ ಇಂಥದ್ದೇ ನೆಲವಿದೆ. ಅಲ್ಲಿ ರಥದಲ್ಲಿ ಮನುಷ್ಯನ ರೂಪವಿಲ್ಲ, ಕಿರಣ ಚೆಲ್ಲುವ ಬಿಂಬ ಮಾತ್ರ ಇದೆ. ಒಂದು ಊರಿನವರು ಮುಖ ಇಟ್ಟರು, ಇನ್ನೊಂದು ಊರಿನವರು ಮುಖ ತೆಗೆದರು. ಬಿಗಿ, ಸಡಿಲ ಅಂದೆನಲ್ಲ, ಅದು ಇದೇ.

ಬೇತ್ ಆಲ್ಫಾದ ನೆಲದಲ್ಲಿ ಕೆಲಸ ಮಾಡಿದವರ ಹೆಸರೂ ಇದೆ: ಮರಿಯಾನೊಸ್ ಮತ್ತು ಅವನ ಮಗ ಹನೀನಾ. ಅಪ್ಪನದು ಗ್ರೀಕ್ ಹೆಸರು, ಮಗನದು ಯಹೂದಿ ಹೆಸರು. ಅವರ ಕೈ ಅಷ್ಟೇನೂ ಪಳಗಿದ್ದಲ್ಲ. ಅಬ್ರಹಾಮ ಮಗ ಇಸಾಕನನ್ನು ಬಲಿ ಕೊಡಲು ಹೊರಟ ದೃಶ್ಯ ಮಕ್ಕಳು ಬರೆದ ಹಾಗಿದೆ. ಇಸಾಕ ಗಾಳಿಯಲ್ಲಿ ತೇಲುತ್ತಿದ್ದಾನೆ ಅನ್ನಿಸುತ್ತದೆ. ನನಗೆ ಆ ನೆಲದ ಮೇಲೆ ತುಂಬ ಪ್ರೀತಿ. ಊರವರು ಕೈಲಾದಷ್ಟು ಕೊಟ್ಟು, ಪಕ್ಕದೂರಿನ ಅಪ್ಪ ಮಗನನ್ನು ಕರೆಸಿ ಮಾಡಿಸಿದ ನಮ್ಮ ಹಳ್ಳಿ ಗುಡಿಯ ಹಾಗೆ ಕಾಣುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ದೂರಾದಲ್ಲಿ ಬಟ್ಟೆ ಪರ್ಷಿಯಾದ್ದು. ಬೇತ್ ಆಲ್ಫಾದಲ್ಲಿ ಸೂರ್ಯ ಗ್ರೀಕರವನು. ಕೊಚ್ಚಿಯಲ್ಲಿ ಮರ ಕೇರಳದ್ದು. ಯಹೂದಿ ಕಲೆಗೆ ಗೋಥಿಕ್, ಮೊಘಲ್ ಅಂದ ಹಾಗೆ ಒಂದು ಶೈಲಿ ಇಲ್ಲವೇ ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಎರಡು ಸಾವಿರ ವರ್ಷ ಹತ್ತಾರು ದೇಶಗಳಲ್ಲಿ ಚದುರಿ ಬದುಕಿದ ಜನ ಅವರು. ಹೋದಲ್ಲಿ ಆ ಊರಿನ ಬಡಗಿ, ಆ ಊರಿನ ಅಕ್ಕಸಾಲಿಗ, ಆ ಊರಿನ ಬಣ್ಣ. ಎಷ್ಟೋ ಸಲ ಕೆಲಸ ಮಾಡಿದವರು ಯಹೂದಿಗಳೇ ಅಲ್ಲ. ಯುರೋಪಿನ ಹಲವು ಪಟ್ಟಣಗಳಲ್ಲಿ ಅಕ್ಕಸಾಲಿಗರ ಸಂಘಗಳು ಯಹೂದಿಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಜರ್ಮನಿಯ ಆಗ್ಸ್‌ಬರ್ಗ್‌ನಂಥ ಊರುಗಳಲ್ಲಿ ತೋರಾ ಎಂಬ ಪವಿತ್ರ ಗ್ರಂಥದ ಸುರುಳಿಗೆ ತೊಡಿಸುವ ಬೆಳ್ಳಿಯ ಒಡವೆಗಳನ್ನು ಕ್ರೈಸ್ತ ಅಕ್ಕಸಾಲಿಗರೇ ಮಾಡಿದ್ದಾರೆ. ಯೆಮೆನ್‌ನಲ್ಲಿ ಇದು ತಿರುಗಾಮುರುಗಾ. ಅಲ್ಲಿ ಬೆಳ್ಳಿ ಕೆಲಸವೆಂದರೆ ಯಹೂದಿಗಳ ಕಸುಬು. ಮುಸ್ಲಿಂ ಮದುಮಗಳ ಒಡವೆಯೂ ಅವರ ಕೈಯಲ್ಲೇ ತಯಾರಾಗುತ್ತಿತ್ತು.

ಶೈಲಿಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಮಾಡಿದವರ ಜಾತಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ನಾನು ಹುಡುಕುವುದು ಬೇರೆ ಕಡೆ. ಈ ವಸ್ತು ಏನನ್ನು ನೆನೆಯುತ್ತಿದೆ ಅಂತ ನೋಡುತ್ತೇನೆ. ಕಣ್ಣು ಎಲ್ಲಿಗೆ ತಿರುಗಿದೆ ಅಂತ ನೋಡುತ್ತೇನೆ. ಆಗ ಮತ್ತೆ ಮತ್ತೆ ಒಂದೇ ಜಾಗ ಕಾಣುತ್ತದೆ. ಜೆರುಸಲೇಮಿನಲ್ಲಿ ಇದ್ದ, ಈಗ ಇಲ್ಲದ ದೇವಾಲಯ.

ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಆ ದೇವಾಲಯವನ್ನು ಸುಟ್ಟಿತು. ಒಳಗಿದ್ದ ಏಳು ಕವಲಿನ ಚಿನ್ನದ ದೀಪಸ್ತಂಭವನ್ನು, ಅಂದರೆ ಮೆನೋರಾವನ್ನು, ರೋಮ್‌ಗೆ ಹೊತ್ತುಕೊಂಡು ಹೋಗಿ ಮೆರವಣಿಗೆ ಮಾಡಿದರು. ಗೆದ್ದ ದಳಪತಿ ಟೈಟಸ್ ಆಮೇಲೆ ಚಕ್ರವರ್ತಿಯಾದ, 81ರಲ್ಲಿ ಸತ್ತ. ಅವನ ನೆನಪಿಗೆ ರೋಮ್‌ನಲ್ಲಿ ಕಟ್ಟಿದ ಕಮಾನಿನ ಒಳಗೋಡೆಯಲ್ಲಿ ಆ ಮೆರವಣಿಗೆಯನ್ನು ಕೆತ್ತಿದ್ದಾರೆ. ಆಳುಗಳು ಮೆನೋರಾವನ್ನು ಹೆಗಲ ಮೇಲೆ ಹೊತ್ತಿದ್ದಾರೆ. ಭಾರಕ್ಕೆ ಅವರು ಬಾಗಿರುವುದು ಕಲ್ಲಿನಲ್ಲೂ ಗೊತ್ತಾಗುತ್ತದೆ. 2012ರಲ್ಲಿ ಅದನ್ನು ಪರೀಕ್ಷೆ ಮಾಡಿದಾಗ ಮೆನೋರಾದ ಮೇಲೆ ಹಳದಿ ಬಣ್ಣದ ಕುರುಹು ಸಿಕ್ಕಿತು. ಚಿನ್ನದ್ದು ಅಂತ ದೂರದಿಂದಲೇ ತಿಳಿಯಲಿ ಅಂತ ಬಳಿದದ್ದು. ರೋಮ್‌ನ ಯಹೂದಿಗಳು ತಲೆಮಾರುಗಳ ಕಾಲ ಆ ಕಮಾನಿನ ಕೆಳಗೆ ನಡೆಯುತ್ತಿರಲಿಲ್ಲ ಎಂಬ ಮಾತಿದೆ.

ಸೋಲಿಸಿದವನು ತನ್ನ ಗೆಲುವಿಗೆ ಕೆತ್ತಿಸಿದ ಚಿತ್ರ ಅದು. ಆದರೂ ಸೋತವರ ಬಳಿ ಕಳೆದ ವಸ್ತುವಿನ ಗುರುತು ಅಂತ ಉಳಿದದ್ದರಲ್ಲಿ ಅದಕ್ಕಿಂತ ಸ್ಪಷ್ಟವಾದದ್ದು ಹೆಚ್ಚೇನಿಲ್ಲ. 1949ರಲ್ಲಿ ಹೊಸ ಇಸ್ರೇಲ್ ದೇಶ ತನ್ನ ಲಾಂಛನ ಆರಿಸಿಕೊಂಡಾಗ ಮೆನೋರಾವನ್ನೇ ಇಟ್ಟುಕೊಂಡಿತು. ಅದರ ಆಕಾರ ಬಂದದ್ದು ಟೈಟಸ್‌ನ ಕಮಾನಿನಿಂದ. ಬೇರೆ ಎಲ್ಲ ಕಡೆ, ಸಮಾಧಿಯ ಕಲ್ಲಿನ ಮೇಲೆ, ಎಣ್ಣೆಯ ಹಣತೆಯ ಮೇಲೆ, ಬೇತ್ ಆಲ್ಫಾದ ನೆಲದ ಮೇಲೆ, ಎಲ್ಲೇ ಮೆನೋರಾ ಕಂಡರೂ ಅದನ್ನು ಬರೆದವರಲ್ಲಿ ಬಹುಪಾಲು ಜನ ನಿಜವಾದದ್ದನ್ನು ಕಣ್ಣಿಂದ ಕಂಡಿರಲಿಲ್ಲ.

ಈ ನೆನಪು ಎಷ್ಟು ಆಳ ಅಂದರೆ, ಏನೂ ಬರೆಯದೆ ಬಿಡುವುದಕ್ಕೂ ಒಂದು ನಿಯಮವಿದೆ. ಹೊಸ ಮನೆ ಕಟ್ಟಿದಾಗ ಬಾಗಿಲಿಗೆ ಎದುರಾದ ಗೋಡೆಯಲ್ಲಿ ಒಂದು ಮೊಳ ಉದ್ದ ಒಂದು ಮೊಳ ಅಗಲದಷ್ಟು ಜಾಗಕ್ಕೆ ಗಾರೆ ಮಾಡದೆ ಹಾಗೇ ಬಿಡಬೇಕು. ದೇವಾಲಯ ಹಾಳಾಗಿದೆ, ಅದು ಮರೆಯದಿರಲಿ ಅಂತ. ಸಂಪ್ರದಾಯ ಪಾಲಿಸುವ ಎಷ್ಟೋ ಮನೆಗಳಲ್ಲಿ ಈಗಲೂ ಇದನ್ನು ನೋಡಬಹುದು. ಚಂದದ ಮನೆ, ಹೊಸ ಬಣ್ಣ, ಎದುರಿಗೆ ಒಂದು ಚೌಕ ಒರಟು ಗೋಡೆ. ಯಹೂದಿ ಕಲೆಯ ಪಾಠ ಶುರು ಮಾಡುವಾಗ ನಾನು ವಿದ್ಯಾರ್ಥಿಗಳಿಗೆ ಮೊದಲು ಹೇಳುವುದು ಈ ಖಾಲಿ ಚೌಕದ ಬಗ್ಗೆ.

ಗೋಡೆ, ನೆಲ ಇವೆಲ್ಲ ಬಿಟ್ಟು ಹೋಗಬೇಕಾದ ಆಸ್ತಿ. ಪುಸ್ತಕವನ್ನು ಜೊತೆಗೆ ಒಯ್ಯಬಹುದು. ಹಾಗಾಗಿ ಮಧ್ಯಯುಗದ ಯಹೂದಿ ಚಿತ್ರಕಲೆ ನೋಡಬೇಕಾದರೆ ಹಗ್ಗಾದಾಗಳನ್ನು ನೋಡಬೇಕು. ಪಸ್ಕ ಹಬ್ಬದ ರಾತ್ರಿ ಮನೆಮಂದಿಯೆಲ್ಲ ಊಟಕ್ಕೆ ಕೂತು, ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯನ್ನು ಓದುತ್ತಾರೆ. ಹಾಗೆ ಓದುವ ಪುಸ್ತಕ ಹಗ್ಗಾದಾ. ಮನೆಯ ಪುಸ್ತಕ, ಮಕ್ಕಳು ನೋಡುವ ಪುಸ್ತಕ. ಅದಕ್ಕೇ ಅದರಲ್ಲಿ ಚಿತ್ರಗಳಿಗೆ ಜಾಸ್ತಿ ಜಾಗ. 1300ರ ಸುಮಾರಿಗೆ ಜರ್ಮನಿಯ ದಕ್ಷಿಣದಲ್ಲಿ ತಯಾರಾದ ಒಂದು ಹಗ್ಗಾದಾದಲ್ಲಿ ಮನುಷ್ಯರಿಗೆಲ್ಲ ಹಕ್ಕಿಯ ತಲೆ! ಮೈ ಮನುಷ್ಯರದು, ತಲೆ ಮೇಲೆ ಆ ಕಾಲದ ಯಹೂದಿಗಳ ಚೂಪು ಟೋಪಿ, ಮುಖದಲ್ಲಿ ಕೊಕ್ಕು. ಯಾಕೆ ಹೀಗೆ ಎಂಬುದಕ್ಕೆ ಹಲವು ವಿವರಣೆಗಳಿವೆ. ಮನುಷ್ಯನ ಮುಖ ಬರೆಯುವ ಹಿಂಜರಿಕೆ ಎಂಬುದು ಅದರಲ್ಲೊಂದು.

ಆದರೆ ನಿಮ್ಮ ಮಗಳಿಗೆ ಒಂದೇ ಒಂದು ಪುಸ್ತಕದ ಕಥೆ ಹೇಳಬೇಕು ಅಂದರೆ ಸರಯೇವೊ ಹಗ್ಗಾದಾದ ಕಥೆ ಹೇಳಿ. 1350ರ ಸುಮಾರು, ಸ್ಪೇನಿನ ಬಾರ್ಸಿಲೋನಾ ಕಡೆ ತಯಾರಾದದ್ದು. ತೆಳು ಚರ್ಮದ ಹಾಳೆಗಳ ಮೇಲೆ ಗಾಢ ನೀಲಿ, ಕೆಂಪು, ಚಿನ್ನದ ರೇಕು. ಸೃಷ್ಟಿಯಿಂದ ಹಿಡಿದು ಮೋಶೆಯ ಕಾಲದವರೆಗಿನ ಕಥೆ 34 ಪುಟ ಚಿತ್ರಗಳಲ್ಲಿದೆ. ಬರೆದ ರೀತಿ ಆ ಕಾಲದ ಸ್ಪೇನಿನ ಕ್ರೈಸ್ತ ಪುಸ್ತಕಗಳದ್ದೇ. ಊಟದ ಮೇಜಿನ ಸುತ್ತ ಕೂತವರಲ್ಲಿ ಕಪ್ಪು ಮೈಬಣ್ಣದ ಹೆಂಗಸೂ ಒಬ್ಬಳಿದ್ದಾಳೆ. ಪುಟಗಳ ಮೇಲೆ ದ್ರಾಕ್ಷಾರಸದ ಕಲೆಗಳಿವೆ. ಯಾವುದೋ ಮಗು ಬಟ್ಟಲು ಉರುಳಿಸಿರಬೇಕು. ನನಗೆ ಚಿನ್ನದ ರೇಕಿಗಿಂತ ಆ ಕಲೆಗಳೇ ಹೆಚ್ಚು ಅಮೂಲ್ಯ ಅನ್ನಿಸುತ್ತವೆ. ಇದು ಪೆಟ್ಟಿಗೆಯಲ್ಲಿಟ್ಟು ಕಾದ ಪುಸ್ತಕವಲ್ಲ, ಬಳಸಿದ ಪುಸ್ತಕ.

1492ರಲ್ಲಿ ಸ್ಪೇನಿನ ರಾಜ ರಾಣಿ ಯಹೂದಿಗಳನ್ನು ದೇಶ ಬಿಟ್ಟು ಓಡಿಸಿದರು. ಪುಸ್ತಕವೂ ಹೊರಟಿತು. 1609ರಲ್ಲಿ ಅದು ಇಟಲಿಯಲ್ಲಿತ್ತು. ಚರ್ಚಿನ ಪರವಾಗಿ ಪುಸ್ತಕ ತಪಾಸಣೆ ಮಾಡುವವನೊಬ್ಬ ಅದನ್ನು ಓದಿ ರುಜು ಹಾಕಿದ್ದಾನೆ. ಆ ರುಜು ಇಲ್ಲದಿದ್ದರೆ ಬೆಂಕಿಗೆ ಹೋಗುತ್ತಿತ್ತು. 1894ರಲ್ಲಿ ಬೋಸ್ನಿಯಾದ ಸರಯೇವೊದಲ್ಲಿ ಕೋಹೆನ್ ಎಂಬ ಮನೆತನದವರು ಅದನ್ನು ಅಲ್ಲಿನ ಮ್ಯೂಸಿಯಂಗೆ ಮಾರಿದರು. ಎರಡನೇ ಮಹಾಯುದ್ಧದಲ್ಲಿ ನಾಜಿ ಸೇನಾಧಿಕಾರಿಯೊಬ್ಬ ಪುಸ್ತಕ ಕೇಳಿಕೊಂಡು ಮ್ಯೂಸಿಯಂಗೆ ಬಂದ. ಆಗ ಅಲ್ಲಿ ಗ್ರಂಥಪಾಲರಾಗಿದ್ದವರು ದರ್ವಿಶ್ ಕೊರ್ಕುಟ್. ಮುಸ್ಲಿಂ ವಿದ್ವಾಂಸರು. ಬೇರೆ ಅಧಿಕಾರಿ ಆಗಲೇ ಬಂದು ಒಯ್ದ ಎಂದು ಅವನಿಗೆ ಹೇಳಿ ಕಳಿಸಿದರಂತೆ. ಪುಸ್ತಕ ಇದ್ದದ್ದು ಕೊರ್ಕುಟ್ ಅವರ ಬಟ್ಟೆಯೊಳಗೆ. ಆಮೇಲೆ ಅದು ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ, ಮಸೀದಿಯ ಇಮಾಮರ ಆಶ್ರಯದಲ್ಲಿ ಯುದ್ಧ ಮುಗಿಯುವವರೆಗೆ ಇತ್ತು ಎಂದು ಹೇಳುತ್ತಾರೆ.

ಅದೇ ಕಾಲದಲ್ಲಿ ಕೊರ್ಕುಟ್ ದಂಪತಿ ಒಬ್ಬ ಯಹೂದಿ ಹುಡುಗಿಯನ್ನೂ ಮನೆಯಲ್ಲಿ ಅಡಗಿಸಿಟ್ಟು ಉಳಿಸಿದರು. ಎಷ್ಟೋ ವರ್ಷಗಳ ನಂತರ ಆಕೆ ಸಾಕ್ಷಿ ಹೇಳಿದ ಮೇಲೆ ಇಸ್ರೇಲ್ ಅವರಿಬ್ಬರನ್ನು ಗೌರವಿಸಿತು. 1999ರ ಕೊಸೊವೊ ಯುದ್ಧದಲ್ಲಿ ಕೊರ್ಕುಟ್ ಅವರ ಮಗಳು ಮನೆ ಬಿಟ್ಟು ಓಡಬೇಕಾಯಿತು. ತಂದೆ ತಾಯಿಗೆ ಬಂದ ಆ ಗೌರವದ ಕಾಗದವೇ ಆಕೆಗೆ ದಾರಿ ಮಾಡಿಕೊಟ್ಟಿತು. ಯಹೂದಿ ಸಮುದಾಯದವರು ನೆರವಾದರು, ಇಸ್ರೇಲ್ ಆಶ್ರಯ ಕೊಟ್ಟಿತು. 1992ರಲ್ಲಿ ಸರಯೇವೊಗೆ ಮುತ್ತಿಗೆ ಬಿದ್ದಾಗ ಮತ್ತೆ ಇದೇ ಪುಸ್ತಕವನ್ನು ಗುಂಡಿನ ನಡುವೆ ಮ್ಯೂಸಿಯಂನಿಂದ ತೆಗೆದು ಬ್ಯಾಂಕಿನ ನೆಲಮಾಳಿಗೆಯಲ್ಲಿ ಇಟ್ಟರು. ಆಗಲೂ ಮುಂದೆ ನಿಂತ ಮ್ಯೂಸಿಯಂ ಮುಖ್ಯಸ್ಥರು ಮುಸ್ಲಿಮರೇ. ಈ ಪುಸ್ತಕ ಯಾರದು? ಯಹೂದಿಗಳದು, ಅನುಮಾನವಿಲ್ಲ. ಆದರೆ ಸರಯೇವೊದ ಜನ ಅದನ್ನು ನಮ್ಮದು ಅನ್ನುತ್ತಾರೆ. ಆ ಮಾತಿಗೂ ಅವರಿಗೆ ಹಕ್ಕಿದೆ.

ಎಲ್ಲ ವಸ್ತುಗಳಿಗೂ ಇಂಥ ಅದೃಷ್ಟ ಇರಲಿಲ್ಲ. ಪೋಲೆಂಡ್, ಲಿಥುವೇನಿಯಾ, ಉಕ್ರೇನ್ ಕಡೆ ಹದಿನೇಳು ಹದಿನೆಂಟನೇ ಶತಮಾನದಲ್ಲಿ ಮರದ ಸಿನಗಾಗ್‌ಗಳಿದ್ದವು. ಹೊರಗಿನಿಂದ ಕಣಜದ ಹಾಗೆ ಸಾದಾ. ಒಳಗೆ ತಲೆಯೆತ್ತಿದರೆ ಮುಚ್ಚಿಗೆ ತುಂಬ ಬಳ್ಳಿ, ಹೂವು, ಸಿಂಹ, ಜಿಂಕೆ, ಹದ್ದು, ಚಿರತೆ. ಈ ನಾಲ್ಕು ಪ್ರಾಣಿಗಳು ಸುಮ್ನೆ ಅಂದಕ್ಕೆ ಬಂದವಲ್ಲ. ದೇವರ ಕೆಲಸ ಮಾಡುವಾಗ ಚಿರತೆಯಂತೆ ಧೈರ್ಯ, ಹದ್ದಿನಂತೆ ಹಗುರ, ಜಿಂಕೆಯಂತೆ ವೇಗ, ಸಿಂಹದಂತೆ ಬಲ ಇರಲಿ ಎಂಬ ಹಿರಿಯರ ಮಾತೊಂದಿದೆ. ಅದನ್ನೇ ಬಣ್ಣದಲ್ಲಿ ಹೇಳಿದ್ದಾರೆ. ಯುದ್ಧಗಳಲ್ಲಿ ಕೆಲವು ಹೋದವು. ಉಳಿದ ಬಹುಪಾಲನ್ನು ನಾಜಿಗಳು ಸುಟ್ಟರು, ಎಷ್ಟೋ ಕಡೆ ಅಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಜನರನ್ನೂ ಕೊಂದರು. ಗ್ವೋಜ್‌ಜಿಯೆಟ್ಸ್ ಎಂಬ ಊರಿನ ಮುಚ್ಚಿಗೆಯನ್ನು ಹಳೇ ಫೋಟೊ, ಹಳೇ ಜಲವರ್ಣ ಚಿತ್ರಗಳ ಆಧಾರದ ಮೇಲೆ ಮತ್ತೆ ಮಾಡಿದ್ದಾರೆ. ಬೇರೆ ಬೇರೆ ದೇಶಗಳ ಸ್ವಯಂಸೇವಕರು, ವಿದ್ಯಾರ್ಥಿಗಳು ಸೇರಿ ಹಳೇ ಕಾಲದ ಕೈ ಉಪಕರಣಗಳಿಂದಲೇ ಮರ ಕೆತ್ತಿದರು, ಬಣ್ಣ ಅರೆದು ಬಳಿದರು. ಅಳತೆಯಲ್ಲಿ ಮೂಲದ 85 ಶೇಕಡದಷ್ಟಿದೆ. ವಾರ್ಸಾದ ಪೋಲಿನ್ ಮ್ಯೂಸಿಯಂನಲ್ಲಿ 2014ರಿಂದ ಜನ ನೋಡುತ್ತಿದ್ದಾರೆ.

ಇನ್ನು ಶಾಗಾಲ್ ವಿಷಯ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಯಹೂದಿ ಹುಡುಗರು ಕಲಾಶಾಲೆಗಳಿಗೆ ಕಾಲಿಟ್ಟರು. ಅಲ್ಲಿಂದ ಪ್ರಶ್ನೆ ಬದಲಾಯಿತು. ಅಲ್ಲಿಯವರೆಗೆ "ಈ ವಸ್ತು ಯಾವುದಕ್ಕೆ?" ಎಂದು ಕೇಳುತ್ತಿದ್ದರು. ಈಗ "ನಾನು ಯಾರು?" ಎಂದು ಚಿತ್ರಕಾರನೇ ಕೇಳಿಕೊಳ್ಳತೊಡಗಿದ. ಮೌರಿಸಿ ಗೋಟ್ಲೀಬ್ ಎಂಬ ಹುಡುಗ 1878ರಲ್ಲಿ ಸಿನಗಾಗ್‌ನ ಒಂದು ದೊಡ್ಡ ಚಿತ್ರ ಬರೆದ. ವರ್ಷದ ಅತ್ಯಂತ ಪವಿತ್ರ ದಿನದ ಪ್ರಾರ್ಥನೆ. ಗುಂಪಿನಲ್ಲಿ ಅವನೂ ಇದ್ದಾನೆ, ಬೇರೆ ಬೇರೆ ವಯಸ್ಸಿನಲ್ಲಿ. ಒಬ್ಬರು ಹಿಡಿದಿರುವ ತೋರಾ ಸುರುಳಿಯ ಹೊದಿಕೆಯ ಮೇಲೆ ಅವನದೇ ಹೆಸರು, ತೀರಿಕೊಂಡವರ ನೆನಪಿಗೆ ಬರೆಸುವ ಹಾಗೆ. ಮರುವರ್ಷವೇ ಅವನು ಸತ್ತ. 23 ವರ್ಷ ವಯಸ್ಸು. ಆ ಚಿತ್ರ ಈಗ ಟೆಲ್ ಅವೀವ್‌ನಲ್ಲಿದೆ.

ಶಾಗಾಲ್ 1887ರಲ್ಲಿ ಈಗಿನ ಬೆಲಾರುಸ್‌ನ ವಿತೆಬ್ಸ್ಕ್‌ನಲ್ಲಿ ಹುಟ್ಟಿದವರು. ಆಗ ಅದು ರಷ್ಯ ಸಾಮ್ರಾಜ್ಯ. ಬಾಳಿನ ಬಹುಭಾಗ ಕಳೆದದ್ದು ಫ್ರಾನ್ಸಿನಲ್ಲಿ. ಹಾಗಾಗಿ ನಿಮ್ಮ ಮಾತು ಸರಿ. ಆದರೆ 1938ರಲ್ಲಿ ಅವರು ಬರೆದ ಬಿಳಿ ಶಿಲುಬೆಯ ಚಿತ್ರವನ್ನು ಮಗಳ ಜೊತೆ ಕೂತು ನೋಡಿ. ಅದು ಶಿಕಾಗೋದ ಕಲಾ ಸಂಗ್ರಹಾಲಯದಲ್ಲಿದೆ. ಶಿಲುಬೆಯ ಮೇಲೆ ಯೇಸು ಇದ್ದಾನೆ. ಅವನ ಸೊಂಟಕ್ಕೆ ಸುತ್ತಿರುವುದು ಯಹೂದಿಗಳು ಪ್ರಾರ್ಥನೆಗೆ ಹೊದೆಯುವ ಪಟ್ಟೆ ಶಾಲು. ಸುತ್ತ ಸಿನಗಾಗ್ ಉರಿಯುತ್ತಿದೆ, ಮನೆಗಳು ತಲೆಕೆಳಗಾಗಿವೆ, ಜನ ಗಂಟುಮೂಟೆ ಕಟ್ಟಿ ಓಡುತ್ತಿದ್ದಾರೆ, ಒಬ್ಬ ತೋರಾ ಸುರುಳಿಯನ್ನು ಎದೆಗವಚಿಕೊಂಡಿದ್ದಾನೆ. ಆ ವರ್ಷ ಜರ್ಮನಿಯಲ್ಲಿ ನಿಜವಾಗಿ ಇದೇ ನಡೆಯುತ್ತಿತ್ತು. ಯುರೋಪಿನ ಕ್ರೈಸ್ತರಿಗೆ ಅವರದೇ ಚಿತ್ರದ ಭಾಷೆಯಲ್ಲಿ ಶಾಗಾಲ್ ಹೇಳುತ್ತಿದ್ದಾರೆ: ನೀವು ಪೂಜಿಸುವವನೂ ಯಹೂದಿ, ನೀವು ಸುಡುತ್ತಿರುವವರೂ ಯಹೂದಿಗಳು. ಈ ಚಿತ್ರ ನೋಡಿದ ಮೇಲೆ ನಿಮ್ಮ ಮಗಳು ಹೇಳಿದ್ದೂ ಸರಿ ಅನ್ನಬೇಕಾಗುತ್ತದೆ, ಅಲ್ವಾ?

ಹಾಗಂತ ಯಹೂದಿ ಮನೆಯಲ್ಲಿ ಹುಟ್ಟಿದವರ ಚಿತ್ರವೆಲ್ಲ ಯಹೂದಿ ಕಲೆ ಎಂಬುದನ್ನು ನಾನು ಒಪ್ಪುವುದಿಲ್ಲ. ಮಾರ್ಕ್ ರಾತ್ಕೊ ಕೂಡ ಅಂಥ ಮನೆಯಲ್ಲಿ ಹುಟ್ಟಿದವರು, 1903ರಲ್ಲಿ, ಈಗಿನ ಲಾಟ್ವಿಯಾದಲ್ಲಿ. ಅವರ ಆ ದೊಡ್ಡ ಬಣ್ಣದ ಚೌಕಗಳನ್ನು ನೋಡಿ ರೂಪವಿಲ್ಲದ ದೇವರು, ಎರಡನೇ ಆಜ್ಞೆ ಅಂತೆಲ್ಲ ಬರೆಯುವವರಿದ್ದಾರೆ. ಚಿತ್ರವೇ ಹೇಳದ ಮಾತನ್ನು ಹುಟ್ಟಿನ ದಾಖಲೆಯಿಂದ ತಂದು ಅಂಟಿಸುವುದು ನ್ಯಾಯವಲ್ಲ. ಹಾಗೆ ಅಂಟಿಸುವ ಕೆಲಸವನ್ನು ಕ್ರೂರವಾಗಿ ಮಾಡಿದವರು ಇತಿಹಾಸದಲ್ಲಿ ಆಗಲೇ ಇದ್ದಾರೆ.

ಫೆಲಿಕ್ಸ್ ನುಸ್‌ಬಾಮ್ 1904ರಲ್ಲಿ ಜರ್ಮನಿಯ ಓಸ್ನಾಬ್ರೂಕ್‌ನಲ್ಲಿ ಹುಟ್ಟಿದ ಚಿತ್ರಕಾರ. ಯುದ್ಧ ಬಂದಾಗ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಅಡಗಿಕೊಂಡು ಬದುಕುತ್ತಿದ್ದರು. 1943ರಲ್ಲಿ ಅವರು ತಮ್ಮದೇ ಚಿತ್ರ ಬರೆದರು. ಎತ್ತರದ ಗೋಡೆಯ ಮೂಲೆ. ಕೋಟಿನ ಕಾಲರ್ ಎತ್ತಿದೆ, ಎದೆಯ ಮೇಲೆ ನಾಜಿಗಳು ಯಹೂದಿಗಳಿಗೆ ಕಡ್ಡಾಯ ಮಾಡಿದ್ದ ಹಳದಿ ನಕ್ಷತ್ರ. ಕೈಯಲ್ಲಿ ಗುರುತಿನ ಚೀಟಿ, ಅದರ ಮೇಲೆ ಯಹೂದಿ ಎಂದು ಎರಡು ಭಾಷೆಯಲ್ಲಿ ಕೆಂಪು ಮೊಹರು. ಕಣ್ಣು ನೇರ ನಮ್ಮ ಮೇಲೆ. ಚೀಟಿ ತೋರಿಸು ಎಂದು ಕೇಳಿದವರು ನಾವೇ ಏನೋ ಅನ್ನುವ ಹಾಗೆ. 1944ರ ಬೇಸಿಗೆಯಲ್ಲಿ ಅವರನ್ನು ಹಿಡಿದು ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ ಸಾಗಿಸಿದರು. ಅವರು ಅಲ್ಲಿಂದ ಬದುಕಿ ಬರಲಿಲ್ಲ. ಗುರುತು ಅಂದರೆ ತಾನು ಆರಿಸಿಕೊಂಡದ್ದೂ ಹೌದು, ಇನ್ನೊಬ್ಬರು ಬಲವಂತವಾಗಿ ಮೊಹರು ಹೊಡೆದದ್ದೂ ಹೌದು. ಈ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಇಷ್ಟು ನಿಚ್ಚಳವಾಗಿ ತೋರಿಸಿದ ಚಿತ್ರ ನಾನು ಬೇರೆ ನೋಡಿಲ್ಲ.

ಈಗ ಕೊಚ್ಚಿಗೆ ವಾಪಸ್ ಬರೋಣ. ಪರದೇಶಿ ಸಿನಗಾಗ್ ಕಟ್ಟಿದ್ದು 1568ರಲ್ಲಿ. ಆ ಪರದೇಶಿಗಳಲ್ಲಿ ಸ್ಪೇನಿನಿಂದ ಓಡಿಸಿದವರ ವಂಶದವರೂ ಇದ್ದರು. ಸರಯೇವೊ ಪುಸ್ತಕವನ್ನು ಹೊರಡಿಸಿದ ಅದೇ ಗಾಳಿ ಇವರನ್ನೂ ಹೊರಡಿಸಿತ್ತು. ನೀಲಿ ಬಿಳಿ ಹಂಚುಗಳು ಹದಿನೆಂಟನೇ ಶತಮಾನದಲ್ಲಿ ಚೀನಾದ ಕ್ಯಾಂಟನ್‌ನಿಂದ ಬಂದವು. ಇನ್ನೊಂದು ಸಲ ಹೋದರೆ ಮೂರು ವಿಷಯ ಗಮನಿಸಿ. ತೋರಾ ಇಡುವ ಕಪಾಟು ಪಶ್ಚಿಮದ ಗೋಡೆಯಲ್ಲಿದೆ, ಜೆರುಸಲೇಮಿನ ದಿಕ್ಕಿಗೆ. ನಡುವಿನ ವೇದಿಕೆಯ ಜೊತೆಗೆ ಮೇಲಟ್ಟದಲ್ಲೂ ಒಂದು ವೇದಿಕೆ ಇದೆ. ತೋರಾ ಓದಲು ಹೀಗೆ ಎರಡು ವೇದಿಕೆ ಇರುವುದು ಕೇರಳದ ಸಿನಗಾಗ್‌ಗಳ ವಿಶೇಷ. ಮತ್ತೆ, ನೀವು ಚಪ್ಪಲಿ ಬಿಟ್ಟು ಒಳಗೆ ಹೋದಿರಿ. ಯುರೋಪಿನ ಸಿನಗಾಗ್‌ನಲ್ಲಿ ಆ ಪದ್ಧತಿ ಇಲ್ಲ. ಅದು ನಮ್ಮ ನೆಲದ ನಡವಳಿಕೆ. ಚೇಂದಮಂಗಲದ ಸಿನಗಾಗ್‌ಗೂ ಹೋಗಿ, ಅಲ್ಲಿ ಮರದ ಮುಚ್ಚಿಗೆಯಲ್ಲಿ ಕೆತ್ತಿದ ಕಮಲಗಳಿವೆ. ಮಟ್ಟಂಚೇರಿಯ ಕಡವುಂಭಾಗಂ ಸಿನಗಾಗ್‌ನ ಒಳಗಿನ ಮರಗೆಲಸವನ್ನು 1990ರ ದಶಕದಲ್ಲಿ ಬಿಚ್ಚಿ ಒಯ್ದು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ ಜೋಡಿಸಿದ್ದಾರೆ. ಅದು ಸುರಕ್ಷಿತವಾಗಿದೆ ಅಂತ ಸಮಾಧಾನ, ಕೊಚ್ಚಿಯಲ್ಲಿ ಇಲ್ಲವಲ್ಲ ಅಂತ ಸಂಕಟ. ನನಗೆ ಎರಡೂ ಇವೆ. ಪುಣೆಯಲ್ಲಿ 1874ರಲ್ಲಿ ಅಚ್ಚಾದ ಒಂದು ಹಗ್ಗಾದಾ ಹೀಬ್ರೂ ಮತ್ತು ಮರಾಠಿಯಲ್ಲಿದೆ. ಅದರ ಚಿತ್ರದಲ್ಲಿ ಹುಳಿಯಿಲ್ಲದ ರೊಟ್ಟಿ ಮಾಡುತ್ತಿರುವ ಹೆಂಗಸರು ಸೀರೆ ಉಟ್ಟಿದ್ದಾರೆ.

ಕೊನೆಗೆ ನಮ್ಮ ಊರಿನದೇ ಒಂದು ವಿಷಯ. ಕೈರೋದ ಹಳೇ ಭಾಗದಲ್ಲಿ ಬೆನ್ ಎಜ್ರಾ ಎಂಬ ಸಿನಗಾಗ್ ಇದೆ. ದೇವರ ಹೆಸರು ಇರಬಹುದಾದ ಕಾಗದವನ್ನು ಯಹೂದಿಗಳು ಎಸೆಯುವುದಿಲ್ಲ. ಅಲ್ಲಿ ಒಂದು ಕೋಣೆಯಲ್ಲಿ ಶತಮಾನಗಳ ಕಾಲ ಹಾಗೇ ತುಂಬಿಟ್ಟಿದ್ದರು. 1896-97ರಲ್ಲಿ ಅದರ ಬಹುಪಾಲು ಕೇಂಬ್ರಿಜ್‌ಗೆ ಹೋಯಿತು, ಸುಮಾರು 1,93,000 ಚೂರುಗಳು. ಅದರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಕಾಗದಗಳಿವೆ. ಟ್ಯುನಿಸಿಯಾದವನು. ಹನ್ನೆರಡನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಯೂರಿ, ಅಶು ಎಂಬ ಇಲ್ಲಿನ ಹೆಂಗಸಿನ ಜೊತೆ ಸಂಸಾರ ಮಾಡಿದ. ಈ ತೀರದಲ್ಲಿ ಅವನದೊಂದು ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ಇತ್ತು. ಯೆಮೆನ್‌ನ ಬಂದರು ಏಡನ್‌ನ ಯಹೂದಿ ವರ್ತಕರು ಹಳೇ ಒಡಕು ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ, ಕರಗಿಸಿ ಹೊಸದು ಎರಕ ಹೊಯ್ದು ಕೊಡು ಎಂದು ಬರೆಯುತ್ತಿದ್ದರು.

ಅಂಥ ಒಂದು ಕಾಗದದಲ್ಲಿ ಒಂದು ದೀಪಕ್ಕೆ ಆರ್ಡರ್ ಇದೆ. ಬರೆದವನು ಯಹೂದಿ, ಮಾಡಿಸುವವನು ಯಹೂದಿ, ಲೋಹ ಸಮುದ್ರದಾಚೆಯದು, ಎರಕದ ಕುಲುಮೆ ನಮ್ಮ ಕರಾವಳಿಯದು. ದೀಪ ಸಿಕ್ಕಿಲ್ಲ, ಕಾಗದ ಮಾತ್ರ ಇದೆ. ನಿಮ್ಮ ಮಗಳಿಗೆ ಅದರ ವಿವರ ಓದಿ ಹೇಳಿ, ಅವಳು ಆ ದೀಪವನ್ನು ಬಿಡಿಸಿ ನೋಡಲಿ: ಎಂಟು ಮುಖದ ದಪ್ಪ ಕಂಬ, ಕೆಳಗೆ ಗಟ್ಟಿ ಕಾಲುಗಳು, ತುದಿಯಲ್ಲಿ ಎರಡು ಬತ್ತಿಯ ತಾಮ್ರದ ಹಣತೆ, ಆ ಹಣತೆ ಕಂಬದ ಮೇಲೆ ಮೇಲಕ್ಕೂ ಕೆಳಕ್ಕೂ ಸರಿಯುವಂತಿರಬೇಕು.